ಪೀಪ್ ಏರಿಸಿದಾಗ ಬಿಪಿ ಯಾಕೆ ಇಳಿಯಿತು? ಬೋರಲು ಮಲಗಿಸಿದಾಗ ಆಕ್ಸಿಜನ್ ಯಾಕೆ ಏರಿತು?

ಬ್ರಹ್ಮಾವರದವ:
ಎಲ್ಲರಿಗೂ ನಮಸ್ಕಾರ. ಇದು ನಮ್ಮ ಚಿಕ್ಕಪ್ಪನ ಕತೆ. ಕಳೆದ ಆಟಿಯಲ್ಲಿ ಕಾಲಿನ ಗಾಯ ಇಟ್ಟುಕೊಂಡೇ ಗದ್ದೆಗೆ ಇಳಿದಿದ್ದರು. ಹತ್ತು ದಿನ ಕಳೆದು ಜ್ವರ, ಮೀನಖಂಡದಲ್ಲಿ ವಿಪರೀತ ನೋವು, ಕಣ್ಣು ಕೆಂಪು. ಇಲಿ ಜ್ವರ ಅಂತ ಗೊತ್ತಾಗುವಷ್ಟರಲ್ಲಿ ಕಿಡ್ನಿಗೂ ಶ್ವಾಸಕೋಶಕ್ಕೂ ಹಬ್ಬಿ ಆಗಿತ್ತು. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಒಂಬತ್ತು ದಿನ ವೆಂಟಿಲೇಟರ್‌ನಲ್ಲಿದ್ದರು. ಈಗ ಮನೆಯಲ್ಲಿದ್ದಾರೆ. ಗಂಜಿ, ಪೇಪರ್, ಚಿಕ್ಕಮ್ಮನ ಜೊತೆ ಜಗಳ ಎಲ್ಲ ಮೊದಲಿನ ಹಾಗೇ ನಡೀತಾ ಉಂಟು. ಹಾಗಾಗಿ ಚಿಕಿತ್ಸೆ ಸಲಹೆ ಬೇಡ. ತಲೆಯಲ್ಲಿ ಉಳಿದ ಎರಡು ಪ್ರಶ್ನೆಗೆ ಉತ್ತರ ಬೇಕು, ಅಷ್ಟೇ.

ಎರಡನೇ ದಿನ ಸ್ಯಾಚುರೇಶನ್, ಅಂದರೆ ರಕ್ತದ ಆಕ್ಸಿಜನ್ ಮಟ್ಟ, ನೂರಕ್ಕೆ 89ರಲ್ಲಿ ನಿಂತಿತ್ತು. ಪೀಪ್ ಅನ್ನುವುದನ್ನು (ವೆಂಟಿಲೇಟರ್‌ನ ಒಂದು ಒತ್ತಡದ ಸೆಟ್ಟಿಂಗ್ ಅಂತೆ) 8ರಿಂದ 14ಕ್ಕೆ ಏರಿಸಿದರು. ಸ್ಯಾಚುರೇಶನ್ 93 ಆಯಿತು. ನಾವು ಗಾಜಿನ ಹೊರಗೆ ನಿಂತು ಖುಷಿಪಟ್ಟೆವು. ಆದರೆ ಬಿಪಿ ದಬಕ್ಕಂತ ಇಳಿಯಿತು. ಡಾಕ್ಟ್ರು ಪೀಪ್ ತಿರುಗಿ 10ಕ್ಕೆ ತಂದರು. ಅಲ್ಲ ಮಾರಾಯ್ರೇ, ಆಕ್ಸಿಜನ್ ಏರುತ್ತಿದ್ದದ್ದನ್ನು ಯಾಕೆ ಇಳಿಸಿದರು ಅಂತ ನನಗೆ ಆಗ ಸಿಟ್ಟೇ ಬಂತು.

ಆಮೇಲೆ ಬೋರಲು ಮಲಗಿಸಿದರು. ಬರೀ ಮಗುಚಿ ಹಾಕಿದ್ದು, ಬೇರೆ ಏನೂ ಮಾಡಲಿಲ್ಲ. ಸಂಜೆಗೆ ಸ್ಯಾಚುರೇಶನ್ 95. ಹೊಸ ಮದ್ದಿಲ್ಲ, ಹೊಸ ಮೆಷಿನ್ ಇಲ್ಲ. ಇದು ಎಂತ ಕತೆ?

ರಾತ್ರಿಪಾಳಿ ಸಿಸ್ಟರ್:
ಬರೀ ಮಗುಚಿ ಹಾಕಿದ್ದು ಅಂದಿರಲ್ಲ ಅಣ್ಣ, ಸ್ವಲ್ಪ ತಡೆಯಿರಿ. ಅದಕ್ಕೆ ಐದಾರು ಜನ ಬೇಕು. ತಲೆ ಹತ್ತಿರ ನಿಂತವರ ಕೆಲಸ ಬರೀ ಬಾಯಿಯ ಟ್ಯೂಬ್ ಹಿಡಿಯುವುದು, ಅವರು ಎಣಿಸಿದಾಗಲೇ ಉಳಿದವರು ತಿರುಗಿಸಬೇಕು. ಮೊದಲು ಹೊಟ್ಟೆಯ ಫೀಡ್ ನಿಲ್ಲಿಸಬೇಕು, ಕಣ್ಣಿಗೆ ಮುಲಾಮು ಹಚ್ಚಿ ಮುಚ್ಚಬೇಕು, ಕುತ್ತಿಗೆಯ ಲೈನ್, ಮೂತ್ರದ ಪೈಪ್ ಎಲ್ಲ ಎಳೆಯದ ಹಾಗೆ ಒಂದು ಬದಿಗೆ ತರಬೇಕು. ಇಸಿಜಿ ಸ್ಟಿಕ್ಕರ್ ಎದೆಯಿಂದ ತೆಗೆದು ಬೆನ್ನಿಗೆ. ಆಮೇಲೆ ಎರಡು ಗಂಟೆಗೊಮ್ಮೆ ಮುಖ ಆ ಕಡೆ ಈ ಕಡೆ, ಒಂದು ಕೈ ಮೇಲೆ ಒಂದು ಕೈ ಕೆಳಗೆ, ಈಜುವವರ ಹಾಗೆ. ಇಷ್ಟು ಮಾಡಿದರೂ ಕೆನ್ನೆಯಲ್ಲಿ, ಗಲ್ಲದಲ್ಲಿ ಗಾಯ ಆಗುವುದುಂಟು.

ಯಾಕೆ ಅಂತ ಡಾಕ್ಟ್ರು ಹೇಳಲಿ. ಹೇಗೆ ಅಂತ ಗೊತ್ತಿರಲಿ ಅಂತ ಬರೆದೆ.

ಬ್ರಹ್ಮಾವರದವ:
ತಪ್ಪಾಯ್ತು ಸಿಸ್ಟರ್. ನಮ್ಮನ್ನು ಆಗ ಹೊರಗೆ ಕಳಿಸಿದ್ದರು, ನೋಡಲಿಲ್ಲ.

ಅರಿವಳಿಕೆ ಡಾಕ್ಟ್ರು:
ನಿಮ್ಮ ಚಿಕ್ಕಪ್ಪನ ಫೈಲ್ ನಾನು ನೋಡಿಲ್ಲ, ಅವರಿಗೆ ಹೀಗೇ ಆಯಿತು ಅಂತ ಹೇಳಲಾರೆ. ಸಾಮಾನ್ಯವಾಗಿ ಆಗುವುದನ್ನು ಹೇಳುತ್ತೇನೆ.

ಶ್ವಾಸಕೋಶ ಅಂದರೆ ಎಲ್ಲರಿಗೂ ಗಾಳಿ ಮಾತ್ರ ನೆನಪಾಗುತ್ತದೆ. ಆದರೆ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ, ಅಂದರೆ ಹೃದಯ ಪಂಪ್ ಮಾಡುವ ರಕ್ತವೆಲ್ಲ ಅದರೊಳಗೆ ಹಾದು ಹೋಗಲೇಬೇಕು. ಗಾಳಿ ಒಂದು ಕಡೆ, ರಕ್ತ ಇನ್ನೊಂದು ಕಡೆ ಹೋದರೆ ಏನೂ ಪ್ರಯೋಜನ ಇಲ್ಲ. ಎರಡೂ ಒಂದೇ ಜಾಗದಲ್ಲಿ ಸಿಗಬೇಕು.

ಈಗ ಒತ್ತಡದ ವಿಷಯ. ಕೈಯಲ್ಲಿ ಅಳೆಯುವ ಬಿಪಿ 120. ಆದರೆ ಶ್ವಾಸಕೋಶಕ್ಕೆ ಹೋಗುವ ರಕ್ತನಾಳದಲ್ಲಿ ಸರಾಸರಿ ಒತ್ತಡ 15 ಮಿಲಿಮೀಟರ್ ಪಾದರಸದ ಆಸುಪಾಸು, ಅಷ್ಟೇ. ನಿಂತಾಗ ಶ್ವಾಸಕೋಶದ ಎತ್ತರ ಸುಮಾರು 30 ಸೆಂಟಿಮೀಟರ್. ಕೆಳಗಿನಿಂದ ಮೇಲಿನ ತುದಿಗೆ ಹೋಗುವಷ್ಟರಲ್ಲಿ, ಬರೀ ಎತ್ತರದಿಂದಲೇ, 23 ಮಿಲಿಮೀಟರ್ ವ್ಯತ್ಯಾಸ. ಅಪಾರ್ಟ್‌ಮೆಂಟಿನಲ್ಲಿ ಕೆಳಗಿನ ಮನೆಯ ನಳ್ಳಿಯಲ್ಲಿ ನೀರು ಜೋರಾಗಿ, ಪಂಪ್ ಸಣ್ಣದಾದರೆ ಮೇಲಿನ ಮಾಳಿಗೆಯಲ್ಲಿ ಬರೀ ಗಾಳಿ. ಹಾಗೆ. ಆರೋಗ್ಯವಂತರಲ್ಲಿ ಮೇಲಿನ ತುದಿಗೂ ಹೇಗೋ ರಕ್ತ ತಲುಪುತ್ತದೆ. ಆದರೆ ಅಲ್ಲಿ ಒತ್ತಡ ಜಾಸ್ತಿ ಬಾಕಿ ಇರುವುದಿಲ್ಲ.

ಈ ಸೂಕ್ಷ್ಮ ರಕ್ತನಾಳಗಳು ಗಾಳಿಚೀಲಗಳ ಗೋಡೆಯಲ್ಲೇ ಇರುತ್ತವೆ. ಗಾಳಿಚೀಲದ ಒಳಗಿನ ಒತ್ತಡ ರಕ್ತದ ಒತ್ತಡಕ್ಕಿಂತ ಜಾಸ್ತಿ ಆದರೆ ರಕ್ತನಾಳ ಚಪ್ಪಟೆ ಆಗುತ್ತದೆ. ತೋಟದ ಚಪ್ಪಟೆ ಪೈಪಿನ ಮೇಲೆ ಕಾಲಿಟ್ಟ ಹಾಗೆ. ಪೀಪ್ ಅಂದರೆ ಉಸಿರು ಬಿಟ್ಟ ಮೇಲೂ ಮೆಷಿನ್ ಒಳಗೆ ಉಳಿಸುವ ಒತ್ತಡ. ಗಾಳಿಚೀಲ ಪೂರ್ತಿ ಮುದುಡದ ಹಾಗೆ ನೋಡಿಕೊಳ್ಳುತ್ತದೆ. ಅದೇ ಒತ್ತಡ ಜಾಸ್ತಿಯಾದರೆ ಪಕ್ಕದ ರಕ್ತನಾಳವನ್ನು ಹಿಸುಕುತ್ತದೆ.

ಸೀತಾನದಿ ಪಕ್ಕದವ:
ಡಾಕ್ಟ್ರೇ, ನಾನು ಸಣ್ಣ ನೀರಾವರಿಯಲ್ಲಿ ಕೆಲಸ ಮಾಡಿ ರಿಟೈರ್ ಆದವ. ವೈದ್ಯಕೀಯ ಏನೂ ಗೊತ್ತಿಲ್ಲ. ಆದರೆ ನೀವು ಹೇಳಿದ್ದು ಅಪಾರ್ಟ್‌ಮೆಂಟ್ ಟ್ಯಾಂಕ್ ಅಲ್ಲ, ನಮ್ಮ ಕಿಂಡಿ ಅಣೆಕಟ್ಟು ಅಂತ ನನಗೆ ಕಾಣುತ್ತದೆ.

ಮಳೆ ನಿಂತ ಮೇಲೆ ಕಿಂಡಿಗೆ ಹಲಗೆ ಹಾಕುತ್ತೇವೆ. ಮೇಲ್ಗಡೆ ನೀರಿನ ಮಟ್ಟ ಹಲಗೆಗಿಂತ ಕೆಳಗಿದ್ದರೆ ಒಂದು ಹನಿಯೂ ಆಚೆ ಹೋಗುವುದಿಲ್ಲ. ಮೇಲ್ಗಡೆ ನೀರು ಹಲಗೆ ಮೀರಿದರೆ ಧುಮುಕುತ್ತದೆ. ಆಗ ಕೆಳಗಡೆ ನೀರು ಒಂದಡಿ ಉಂಟಾ ನಾಲ್ಕಡಿ ಉಂಟಾ ಅನ್ನುವುದು ಲೆಕ್ಕಕ್ಕೇ ಇಲ್ಲ. ಎಷ್ಟು ಹರಿಯುತ್ತದೆ ಅನ್ನುವುದು ಹಲಗೆಯ ಮೇಲೆ ಎಷ್ಟು ನೀರು ನಿಂತಿದೆ ಅನ್ನುವುದರ ಮೇಲೆ. ಆದರೆ ಸಮುದ್ರ ಹತ್ತಿರದ ಕಟ್ಟಗಳಲ್ಲಿ ಉಬ್ಬರದ ಹೊತ್ತು ಕೆಳಗಡೆಯ ನೀರೂ ಹಲಗೆ ಮುಳುಗಿಸಿ ನಿಲ್ಲುತ್ತದೆ. ಆಗ ಹಲಗೆ ಇದ್ದೂ ಇಲ್ಲದ ಹಾಗೆ. ಮೇಲಿನ ಮಟ್ಟ, ಕೆಳಗಿನ ಮಟ್ಟ, ಇವೆರಡರ ವ್ಯತ್ಯಾಸ ಮಾತ್ರ ಲೆಕ್ಕ.

ನೀವು ಹೇಳುವ ಪೀಪ್ ಹಲಗೆ ಅಲ್ವಾ?

ಅರಿವಳಿಕೆ ಡಾಕ್ಟ್ರು:
ಓವರ್‌ಸಿಯರ್ರೇ, ನಿಮ್ಮ ಕಾಲಿಗೆ ಬಿದ್ದೆ! ನಾನು ವಿದ್ಯಾರ್ಥಿಗಳಿಗೆ ಇದನ್ನು ಹೇಳಿಕೊಡಲು ಒಂದು ಗಂಟೆ ತೆಗೆದುಕೊಳ್ಳುತ್ತೇನೆ. ನೀವು ಹೇಳಿದ ಮೂರು ಸ್ಥಿತಿಯನ್ನೇ 1964ರಲ್ಲಿ ಜಾನ್ ವೆಸ್ಟ್ ಮತ್ತು ಸಂಗಡಿಗರು ಮೂರು ವಲಯ ಅಂತ ಬರೆದದ್ದು. ಇವತ್ತಿಗೂ ಅವಕ್ಕೆ ವೆಸ್ಟ್ ಝೋನ್ ಅಂತಲೇ ಹೆಸರು. ಎರಡನೇ ವಲಯಕ್ಕೆ ಜಲಪಾತ ಅಂತ ಹೋಲಿಕೆ ಕೊಡುವುದೂ ಉಂಟು, ಥೇಟ್ ನಿಮ್ಮ ಹಲಗೆಯಿಂದ ಧುಮುಕುವ ನೀರು.

ಮೇಲ್ಗಡೆಯ ನೀರು ಅಂದರೆ ಶ್ವಾಸಕೋಶಕ್ಕೆ ಬರುವ ಅಪಧಮನಿಯ ಒತ್ತಡ. ಹಲಗೆ ಅಂದರೆ ಗಾಳಿಚೀಲದ ಒತ್ತಡ. ಕೆಳಗಡೆಯ ನೀರು ಅಂದರೆ ಹೃದಯಕ್ಕೆ ವಾಪಸ್ ಹೋಗುವ ಅಭಿಧಮನಿಯ ಒತ್ತಡ. ಹಲಗೆಯ ಎತ್ತರ ಇಡೀ ಶ್ವಾಸಕೋಶದಲ್ಲಿ ಹೆಚ್ಚು ಕಮ್ಮಿ ಒಂದೇ. ಆದರೆ ಕೆಳಕ್ಕೆ ಹೋದ ಹಾಗೆ ರಕ್ತದ ಮಟ್ಟ ಏರುತ್ತದೆ. ಹಾಗಾಗಿ ಮೇಲೆ ಒಂದನೇ ವಲಯದ (ಹನಿಯೂ ದಾಟದ) ಅಪಾಯ, ನಡುವೆ ಎರಡನೆಯದು (ಧುಮುಕುವುದು), ಕೆಳಗೆ ಮೂರನೆಯದು (ಹಲಗೆ ಮುಳುಗಿದ್ದು). ವೆಸ್ಟ್ ಅದಕ್ಕಿಂತ ಮುಂಚೆ ಎವರೆಸ್ಟ್ ಪ್ರದೇಶದಲ್ಲಿ ಹಿಲರಿಯವರ 1960–61ರ ಸಂಶೋಧನಾ ತಂಡದಲ್ಲಿದ್ದವರು. ಸುಮ್ನೆ ಹೇಳಿದೆ, ನನಗೆ ಆ ಕತೆ ಇಷ್ಟ.

ಈಗ ಬ್ರಹ್ಮಾವರದವರ ಲೆಕ್ಕ ಮಾಡೋಣ. ತೀರಾ ಅಂದಾಜಿನ ಲೆಕ್ಕ, ಯಾಕೆಂದರೆ ಕಾಯಿಲೆಯಲ್ಲಿ ಶ್ವಾಸಕೋಶದ ಬಿಪಿ ಬೇರೆ ಇರುತ್ತದೆ, ಮೆಷಿನ್ ಪ್ರತಿ ಉಸಿರು ನೂಕುವಾಗ ಹಲಗೆ ಇನ್ನೂ ಏರುತ್ತದೆ. ರೋಗಿ ಅಂಗಾತ ಮಲಗಿದ್ದಾರೆ. ಎದೆಯ ಮುಂಭಾಗ ಹೃದಯಕ್ಕಿಂತ ಒಂದು 10 ಸೆಂಟಿಮೀಟರ್ ಮೇಲೆ ಅಂತ ಇಟ್ಟುಕೊಳ್ಳಿ. ಅಷ್ಟು ಎತ್ತರಕ್ಕೆ 7 ಮಿಲಿಮೀಟರ್ ಕಳೆಯುತ್ತದೆ. 15ರಲ್ಲಿ 7 ಹೋಗಿ ಮುಂಭಾಗದ ರಕ್ತನಾಳಕ್ಕೆ ಉಳಿದದ್ದು 8. ಪೀಪ್ ಅಳೆಯುವುದು ಸೆಂಟಿಮೀಟರ್ ನೀರಿನಲ್ಲಿ. 8 ಸೆಂಟಿಮೀಟರ್ ಅಂದರೆ 6 ಮಿಲಿಮೀಟರ್ ಪಾದರಸ. ರಕ್ತ ಹಲಗೆ ದಾಟುತ್ತದೆ. 14 ಅಂದರೆ 10 ಮಿಲಿಮೀಟರ್. ದಾಟುವುದಿಲ್ಲ. 10 ಅಂದರೆ 7ಕ್ಕಿಂತ ಸ್ವಲ್ಪ ಮೇಲೆ, ಹೇಗೋ ದಾಟುತ್ತದೆ.

ರಕ್ತ ದಾಟದ ಜಾಗಕ್ಕೆ ಹೋದ ಗಾಳಿ ದಂಡ. ಹೋಗುತ್ತದೆ, ಬರುತ್ತದೆ, ಅಷ್ಟೇ. ಆಗ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗದೆ ಏರತೊಡಗುತ್ತದೆ.

ಬ್ರಹ್ಮಾವರದವ:
ಇದು ಅರ್ಥ ಆಯಿತು. ಆದರೆ ಕೈಯ ಬಿಪಿ ಯಾಕೆ ಇಳಿದದ್ದು? ಅದು ಬೇರೆ ಪೈಪ್ ಅಲ್ವಾ?

ಅರಿವಳಿಕೆ ಡಾಕ್ಟ್ರು:
ಬೇರೆ ಪೈಪ್ ಅಲ್ಲ, ಒಂದೇ ತೋಡಿನ ಮುಂದಿನ ಭಾಗ. ಹೃದಯದ ಬಲಗಡೆಯಿಂದ ಶ್ವಾಸಕೋಶ ಎಷ್ಟು ದಾಟುತ್ತದೋ ಅಷ್ಟೇ ಎಡಗಡೆಗೆ ಪಂಪ್ ಮಾಡಲು ಸಿಗುವುದು. ಇದರ ಮೇಲೆ ಇನ್ನೊಂದು ಕಾರಣ ಉಂಟು, ಬಹುಶಃ ಅದೇ ದೊಡ್ಡದು. ನಾವು ಸಹಜವಾಗಿ ಉಸಿರು ಎಳೆಯುವಾಗ ಎದೆಯೊಳಗೆ ಒತ್ತಡ ಇಳಿದು, ಹೊಟ್ಟೆ ಕಾಲುಗಳ ರಕ್ತ ಹೃದಯಕ್ಕೆ ಸಲೀಸಾಗಿ ಬರುತ್ತದೆ. ವೆಂಟಿಲೇಟರ್ ಎಳೆಯುವುದಿಲ್ಲ, ನೂಕುತ್ತದೆ. ಎದೆಯೊಳಗೆ ಒತ್ತಡ ಏರಿ, ವಾಪಸ್ ಬರುವ ರಕ್ತಕ್ಕೆ ಬಾಗಿಲಲ್ಲೇ ತಡೆ. ಮೆಷಿನ್ ನೂಕುವ ಉಸಿರಿನಿಂದ ಹೃದಯ ಹೊರಹಾಕುವ ರಕ್ತ ಕಡಿಮೆ ಆಗುತ್ತದೆ ಅಂತ ಕೂರ್ನಾಂ ಮತ್ತು ಸಂಗಡಿಗರು 1948ರಲ್ಲೇ ಅಳೆದು ತೋರಿಸಿದ್ದರು. ಇಲಿ ಜ್ವರದಲ್ಲಿ ರಕ್ತನಾಳ ಸೋರುತ್ತದೆ, ಮೈಯಲ್ಲಿ ನೀರೂ ಕಡಿಮೆ ಇರಬಹುದು. ಬೇಸಿಗೆಯ ಹೊಳೆಗೆ ದೊಡ್ಡ ಹಲಗೆ ಹಾಕಿದ ಹಾಗೆ ಆಗುತ್ತದೆ. ಅದಕ್ಕೇ ಕೆಲವೊಮ್ಮೆ ಪೀಪ್ ಏರಿಸುವ ಮೊದಲು ಡ್ರಿಪ್ ಕೊಡುವುದು, ಅಥವಾ ಬಿಪಿ ಏರಿಸುವ ಮದ್ದಿನ ಇನ್‌ಫ್ಯೂಷನ್ ಶುರು ಮಾಡುವುದು.

ನಿಮ್ಮ ಸಿಟ್ಟಿನ ವಿಷಯಕ್ಕೆ ಬರುತ್ತೇನೆ. ಸ್ಯಾಚುರೇಶನ್ 89ರಿಂದ 93ಕ್ಕೆ ಏರಿದರೆ ಪ್ರತಿ ಲೀಟರ್ ರಕ್ತದಲ್ಲಿ ಆಕ್ಸಿಜನ್ ಸುಮಾರು ನೂರಕ್ಕೆ 4–5ರಷ್ಟು ಜಾಸ್ತಿ. ಅದೇ ಹೊತ್ತಿಗೆ ಹೃದಯದ ಪಂಪ್ 5 ಲೀಟರ್‌ನಿಂದ 4ಕ್ಕೆ ಇಳಿದರೆ ನೂರಕ್ಕೆ 20 ಕಡಿಮೆ. ಕಿಡ್ನಿಗೆ, ಮೆದುಳಿಗೆ ತಲುಪುವ ಆಕ್ಸಿಜನ್ ಒಟ್ಟಿನಲ್ಲಿ ಇಳಿಯಿತು. ಗಾಜಿನ ಹೊರಗಿಂದ ಕಾಣುವುದು 93 ಮಾತ್ರ.

ಸಂಶಯ ಶೆಟ್ಟಿ:
ಹಾಗಾದರೆ ಪೀಪ್ ಹಾಕದೇ ಬಿಟ್ಟರೆ ಒಳ್ಳೆಯದಲ್ವಾ? ಹಲಗೆಯೇ ಬೇಡ.

ರಾತ್ರಿಪಾಳಿ ಸಿಸ್ಟರ್:
ಶೆಟ್ರೇ, ಸಕ್ಷನ್ (ಕಫ ಹೀರಿ ತೆಗೆಯುವುದು) ಮಾಡುವಾಗ ಟ್ಯೂಬ್ ಎರಡು ಸೆಕೆಂಡ್ ತಪ್ಪಿದರೆ ಸಾಕು, ಕೆಲವರ ಸ್ಯಾಚುರೇಶನ್ 94ರಿಂದ 80ಕ್ಕೆ ಹೋದದ್ದನ್ನು ನಾನೇ ನೋಡಿದ್ದೇನೆ. ತಿರುಗಿ ಮೇಲೆ ಬರಲು ಅರ್ಧ ಗಂಟೆ. ಪೀಪ್ ಬೇಡ ಅಂತ ನಮ್ಮ ಹತ್ತಿರ ಹೇಳಬೇಡಿ.

ಅರಿವಳಿಕೆ ಡಾಕ್ಟ್ರು:
ಸಿಸ್ಟರ್ ಹೇಳಿದ್ದೇ ಉತ್ತರ. ಕಾರಣ ಸೇರಿಸುತ್ತೇನೆ. ಗಾಳಿಚೀಲ ತೀರಾ ಮುದುಡಿದರೂ ರಕ್ತಕ್ಕೆ ಅಡ್ಡಿ. ಶ್ವಾಸಕೋಶದಲ್ಲಿ ಎರಡು ತರದ ರಕ್ತನಾಳ. ಗೋಡೆಯಲ್ಲಿರುವ ಸಣ್ಣವು ಗಾಳಿ ಜಾಸ್ತಿಯಾದರೆ ಚಪ್ಪಟೆ ಆಗುತ್ತವೆ. ಹೊರಗಿನ ದೊಡ್ಡವನ್ನು ಸುತ್ತಲಿನ ಶ್ವಾಸಕೋಶವೇ ಎಳೆದು ತೆರೆದಿಡುತ್ತದೆ, ಅದು ಮುದುಡಿದರೆ ಅವೂ ಕಿರಿದಾಗುತ್ತವೆ. ಅದಲ್ಲದೆ ಆಕ್ಸಿಜನ್ ಸಿಗದ ಜಾಗದಲ್ಲಿ ರಕ್ತನಾಳ ತಾನಾಗಿಯೇ ಬಿಗಿಯಾಗುತ್ತದೆ, ಇಲ್ಲಿ ಗಾಳಿ ಇಲ್ಲ ಬೇರೆ ಕಡೆ ಹೋಗು ಅನ್ನುವ ಹಾಗೆ. ಫಾನ್ ಆಯ್ಲರ್ ಮತ್ತು ಲಿಲ್ಯೆಸ್ಟ್ರಾಂಡ್ ಇದನ್ನು 1946ರಲ್ಲಿ ಬೆಕ್ಕುಗಳಲ್ಲಿ ತೋರಿಸಿದರು. ಜಾಣ ವ್ಯವಸ್ಥೆ. ಆದರೆ ಅರ್ಧ ಶ್ವಾಸಕೋಶವೇ ಮುದುಡಿ ಅಲ್ಲೆಲ್ಲ ನಾಳ ಬಿಗಿಯಾದರೆ ಹೃದಯದ ಬಲಭಾಗಕ್ಕೆ ಏದುಸಿರು. ಅದರ ಗೋಡೆ ತೆಳು, ಜಾಸ್ತಿ ಒತ್ತಡ ತಾಳುವುದಿಲ್ಲ.

ಹಾಗಾಗಿ ತೀರಾ ಕಡಿಮೆಯೂ ಕಷ್ಟ, ತೀರಾ ಜಾಸ್ತಿಯೂ ಕಷ್ಟ. ಮುಚ್ಚಿದ ಗಾಳಿಚೀಲ ತೆರೆಯುವವರಿಗೆ ಪೀಪ್ ಏರಿಸಿದರೆ ಲಾಭ. ತೆರೆಯದವರಿಗೆ ಏರಿಸಿದರೆ ಒಳ್ಳೆಯ ಚೀಲಗಳೇ ಬಲೂನಿನ ಹಾಗೆ ಉಬ್ಬಿ, ಅಲ್ಲಿಯ ರಕ್ತ ಕೆಟ್ಟ ಜಾಗಕ್ಕೆ ತಳ್ಳಲ್ಪಡುತ್ತದೆ. ಆಗ ಪೀಪ್ ಏರಿಸಿದ ಮೇಲೆ ಸ್ಯಾಚುರೇಶನ್ ಇಳಿಯುವುದೂ ಉಂಟು! ಶ್ವಾಸಕೋಶವನ್ನು ಒತ್ತಡ ಹಾಕಿ ತೆರೆದೇ ಬಿಡುತ್ತೇವೆ ಅಂತ ಹೊರಟ ದೊಡ್ಡ ಪ್ರಯೋಗವೊಂದರ ಫಲಿತಾಂಶ 2017ರಲ್ಲಿ ಬಂತು. 1010 ರೋಗಿಗಳು. 28 ದಿನದಲ್ಲಿ ಸಾವು ಒತ್ತಡ ಜಾಸ್ತಿ ಹಾಕಿದವರಲ್ಲಿ ನೂರಕ್ಕೆ 55, ಉಳಿದವರಲ್ಲಿ 49. ಅದನ್ನು ಓದಿದ ಮೇಲೆ ನನ್ನ ಕೈ ಸ್ವಲ್ಪ ಹಿಂದೆ ಬಂದಿದೆ, ಸುಳ್ಳು ಹೇಳುವುದಿಲ್ಲ.

ಸಂಶಯ ಶೆಟ್ಟಿ:
ಒಪ್ಪಿದೆ. ಈಗ ಬೋರಲಿಗೆ ಬನ್ನಿ. ಇಲ್ಲಿ ನಿಮ್ಮ ಲೆಕ್ಕ ತಪ್ಪುತ್ತದೆ ಅಂತ ನನಗೆ ಅನಿಸುತ್ತದೆ. ರಕ್ತ ಕೆಳಕ್ಕೆ ಹೋಗುತ್ತದೆ ಅಂದಿರಿ. ಅಂಗಾತ ಮಲಗಿದಾಗ ಬೆನ್ನಿನ ಕಡೆ ರಕ್ತ ಜಾಸ್ತಿ, ಚೀಲವೂ ಅಲ್ಲೇ ಮುಚ್ಚಿಕೊಂಡಿದೆ. ಸರಿ. ಮಗುಚಿ ಹಾಕಿದರೆ ಬೆನ್ನಿನ ಕಡೆ ಚೀಲ ತೆರೆಯಿತು. ಆದರೆ ರಕ್ತ ಈಗ ಎದೆಯ ಕಡೆಗೆ ಇಳಿಯಬೇಕಲ್ಲ? ಗಾಳಿ ಮೇಲೆ, ರಕ್ತ ಕೆಳಗೆ. ಮೊದಲಿನದ್ದೇ ಕತೆ ತಲೆಕೆಳಗು!

ಅರಿವಳಿಕೆ ಡಾಕ್ಟ್ರು:
ಶೆಟ್ರೇ, ನಿಮ್ಮ ಹೆಸರು ಸಾರ್ಥಕ. ಎಷ್ಟೋ ವರ್ಷ ಡಾಕ್ಟರುಗಳೂ ಹಾಗೇ ಅಂದುಕೊಂಡಿದ್ದರು. ರಕ್ತ ಅಷ್ಟೊಂದು ಜಾಗ ಬದಲಿಸುವುದಿಲ್ಲ. ಬೋರಲು ಮಲಗಿದರೂ ಬೆನ್ನಿನ ಕಡೆಗೇ ಸಾಕಷ್ಟು ರಕ್ತ ಹೋಗುತ್ತಲೇ ಇರುತ್ತದೆ. ಗ್ಲೆನ್ನಿ ಮತ್ತು ಸಂಗಡಿಗರು 1991ರಲ್ಲಿ ನಾಯಿಗಳ ರಕ್ತಕ್ಕೆ ಕಣ್ಣಿಗೆ ಕಾಣದಷ್ಟು ಸಣ್ಣ ಗೋಲಿಗಳನ್ನು ಬಿಟ್ಟು, ಅವು ಎಲ್ಲೆಲ್ಲಿ ಸಿಕ್ಕಿಕೊಂಡವು ಅಂತ ಅಂಗಾತ ಮತ್ತು ಬೋರಲು ಎರಡರಲ್ಲೂ ನೋಡಿದರು. ಯಾವ ತುಂಡಿಗೆ ಅಂಗಾತದಲ್ಲಿ ರಕ್ತ ಜಾಸ್ತಿಯೋ ಅದಕ್ಕೆ ಬೋರಲಲ್ಲೂ ಜಾಸ್ತಿ. ಗುರುತ್ವದ ಪಾಲು ಸಣ್ಣದು, ರಕ್ತನಾಳ ಹೇಗೆ ಕವಲೊಡೆದಿದೆ ಅನ್ನುವುದೇ ದೊಡ್ಡದು. ವೆಸ್ಟ್ ಹೇಳಿದ್ದು ಸುಳ್ಳಲ್ಲ, ಆದರೆ ಪೂರ್ತಿ ಅಲ್ಲ.

ಸೀತಾನದಿ ಪಕ್ಕದವ:
ನೀರು ಇಳಿಜಾರು ನೋಡಿ ಹರಿಯುತ್ತದೆ ನಿಜ, ಆದರೆ ಕಾಲುವೆ ಎಲ್ಲಿ ತೋಡಿದೆಯೋ ಅಲ್ಲಿಗೇ ಮೊದಲು ಹೋಗುವುದು.

ಅರಿವಳಿಕೆ ಡಾಕ್ಟ್ರು:
ಅದೇ. ಗಾಳಿ ಮಾತ್ರ ನಿಜವಾಗಿ ಜಾಗ ಬದಲಿಸುತ್ತದೆ. ಅಂಗಾತ ಇದ್ದಾಗ ಹೃದಯದ ಭಾರ, ನೀರು ತುಂಬಿ ಒದ್ದೆ ಹಾಸಿಗೆಯಂತಾದ ಶ್ವಾಸಕೋಶದ ಭಾರ, ಹೊಟ್ಟೆಯ ಒತ್ತಡ ಎಲ್ಲ ಬೆನ್ನಿನ ಕಡೆಯ ಚೀಲಗಳ ಮೇಲೆ. ಮಗುಚಿದಾಗ ಹೃದಯ ಎದೆಯ ಮೂಳೆಯ ಮೇಲೆ ಕೂರುತ್ತದೆ. ಬೆನ್ನಿನ ಕಡೆ ಶ್ವಾಸಕೋಶದ ಪಾಲೂ ಜಾಸ್ತಿ, ಅಷ್ಟೂ ತೆರೆಯುತ್ತದೆ. ರಕ್ತ ಅಲ್ಲೇ ಕಾಯುತ್ತಿತ್ತು, ಗಾಳಿ ಈಗ ಬಂತು. ಜೊತೆಗೆ ಗಾಳಿ ಎಲ್ಲ ಕಡೆ ಸಮನಾಗಿ ಹಂಚುವುದರಿಂದ ಒಂದೇ ಕಡೆಯ ಚೀಲ ಉಬ್ಬಿ ಹರಿದುಹೋಗುವ ಪೆಟ್ಟು ಕಡಿಮೆ, ಬಲ ಹೃದಯಕ್ಕೂ ಸ್ವಲ್ಪ ವಿಶ್ರಾಂತಿ.

ಮೊದಲು ಇದನ್ನು ಕೊನೆಯ ಉಪಾಯ ಅಂತ ಇಟ್ಟುಕೊಳ್ಳುತ್ತಿದ್ದರು. 2013ರಲ್ಲಿ ಗೆರಾನ್ ಮತ್ತು ಸಂಗಡಿಗರು, ಹೆಚ್ಚಾಗಿ ಫ್ರಾನ್ಸಿನ ಐಸಿಯುಗಳಲ್ಲಿ, 466 ರೋಗಿಗಳ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ ಬಂತು. ಒಂದು ಸಲಕ್ಕೆ ಕನಿಷ್ಠ 16 ಗಂಟೆ ಬೋರಲು. 28 ದಿನದೊಳಗಿನ ಸಾವು ಅಂಗಾತ ಮಲಗಿಸಿದವರಲ್ಲಿ ನೂರಕ್ಕೆ 32.8, ಬೋರಲಿನವರಲ್ಲಿ 16. ನಮ್ಮ ವಿಭಾಗದಲ್ಲಿ ಇಷ್ಟು ದೊಡ್ಡ ವ್ಯತ್ಯಾಸ ಕಾಣುವುದು ಅಪರೂಪ. ತೀವ್ರವಾಗಿದ್ದವರ ಮಾತು ಇದು, ಎಲ್ಲರಿಗೂ ಅಲ್ಲ.

ಕಂಕನಾಡಿ ಫಿಸಿಯೋ:
ತಡವಾಗಿ ಬಂದೆ. ಮಗ್ಗುಲಿನ ವಿಷಯ ಯಾರೂ ಹೇಳಲಿಲ್ಲ. ಒಂದೇ ಬದಿಯ ನ್ಯುಮೋನಿಯಾ ಇದ್ದರೆ ದೊಡ್ಡವರನ್ನು ಸಾಮಾನ್ಯವಾಗಿ ಒಳ್ಳೆಯ ಶ್ವಾಸಕೋಶ ಕೆಳಗೆ ಬರುವ ಹಾಗೆ ಮಲಗಿಸುತ್ತೇವೆ. ಕೆಳಗಿನದಕ್ಕೆ ರಕ್ತ ಜಾಸ್ತಿ, ಅಲ್ಲಿ ಗಾಳಿಯೂ ಚೆನ್ನಾಗಿದೆ, ಸ್ಯಾಚುರೇಶನ್ ಏರುತ್ತದೆ. ಸಣ್ಣ ಶಿಶುಗಳಲ್ಲಿ ಉಲ್ಟಾ, ಅವರ ಎದೆಗೂಡು ಮೆತ್ತಗೆ, ಕೆಳಗಿನ ಶ್ವಾಸಕೋಶ ಅದುಮಿ ಹೋಗುತ್ತದೆ. ಮತ್ತೆ ಒಂದು ಎಚ್ಚರಿಕೆ. ಒಂದು ಶ್ವಾಸಕೋಶದಿಂದ ರಕ್ತ ಬರುತ್ತಿದ್ದರೆ ಆ ಕೆಟ್ಟದ್ದೇ ಕೆಳಗಿರಬೇಕು. ಇಲ್ಲದಿದ್ದರೆ ಅಲ್ಲಿಯ ರಕ್ತ ಒಳ್ಳೆಯದಕ್ಕೆ ಇಳಿದು ಅದನ್ನೂ ಮುಳುಗಿಸುತ್ತದೆ.

ಸಂಶಯ ಶೆಟ್ಟಿ:
ಕೊರೊನಾ ಸಮಯದಲ್ಲಿ ನಮ್ಮ ಮನೆಯಲ್ಲಿ ಎಲ್ಲರೂ ಬೆರಳಿಗೆ ಕ್ಲಿಪ್ ಹಾಕಿಕೊಂಡು ಬೋರಲು ಮಲಗಿದ್ದೇ ಮಲಗಿದ್ದು. ಅಮ್ಮ ಅಂತೂ ಕವುಚಿಕೊಂಡೇ ಸೀರಿಯಲ್ ನೋಡುತ್ತಿದ್ದರು. ಉಪಯೋಗ ಇತ್ತಾ?

ಅರಿವಳಿಕೆ ಡಾಕ್ಟ್ರು:
ಆಸ್ಪತ್ರೆಯಲ್ಲಿ, ಮೂಗಿನಿಂದ ಜೋರು ಆಕ್ಸಿಜನ್ ಹರಿಸುವವರಲ್ಲಿ, ಇತ್ತು. ಎಚ್ಚರ ಇರುವವರು ಬೋರಲು ಮಲಗಿದಾಗ ಟ್ಯೂಬ್ ಹಾಕುವ ಪರಿಸ್ಥಿತಿ ಕಡಿಮೆ ಆಯಿತು ಅಂತ ಆರು ದೇಶಗಳ ಪ್ರಯೋಗಗಳನ್ನು ಒಟ್ಟು ಮಾಡಿ 2021ರಲ್ಲಿ ಹೇಳಿದರು. ಸ್ಯಾಚುರೇಶನ್ 98 ಇದ್ದು ಸೀರಿಯಲ್ ನೋಡುವವರಿಗೆ ಕುತ್ತಿಗೆ ನೋವು ಮಾತ್ರ. ಆದರೆ 90ಕ್ಕಿಂತ ಕೆಳಗೆ ಹೋದರೂ ಮನೆಯಲ್ಲೇ ಬೋರಲು ಮಲಗಿ ಕಾದು, ತಡವಾಗಿ ಬಂದವರನ್ನು ನೋಡಿದ್ದೇನೆ. ಅದನ್ನು ನೆನೆಸಿಕೊಂಡರೆ ಈಗಲೂ ಬೇಜಾರು.

ಬ್ರಹ್ಮಾವರದವ:
ಈ ಚರ್ಚೆ ಪೂರ್ತಿ ಚಿಕ್ಕಪ್ಪನಿಗೆ ಓದಿ ಹೇಳಿದೆ. ಪೀಪ್ ಇಳಿಸಿದ ಡಾಕ್ಟ್ರ ಮೇಲೆ ನಾನು ಆವತ್ತು ಹಾರಾಡಿದ್ದನ್ನೂ ಹೇಳಿದೆ. ಅವರಿಗೆ ಬೋರಲು ಮಲಗಿದ್ದು, ವೆಂಟಿಲೇಟರ್ ಏನೂ ನೆನಪಿಲ್ಲ. ಕಿಂಡಿ ಅಣೆಕಟ್ಟಿನ ಭಾಗ ಬಂದಾಗ ಮಾತ್ರ ಎದ್ದು ಕೂತು, ಹಲಗೆ ಎಷ್ಟು ಹಾಕಬೇಕು ಅಂತ ಊರಲ್ಲಿ ಪ್ರತಿ ವರ್ಷ ಆಗುವ ಜಗಳದ ಬಗ್ಗೆ ಅರ್ಧ ಗಂಟೆ ಮಾತಾಡಿದರು. ಮೇಲಿನ ತೋಟದವರಿಗೆ ಒಂದು ಹಲಗೆ ಜಾಸ್ತಿ ಬೇಕಂತೆ, ಕೆಳಗಿನ ಗದ್ದೆಯವರಿಗೆ ಒಂದು ಕಡಿಮೆ ಬೇಕಂತೆ.

ಅವರದ್ದು ಒಂದೇ ದೂರು. ಬಲಗೆನ್ನೆಯಲ್ಲಿ ಒಂದು ಕಲೆ ಉಳಿದಿದೆ, ಅಲ್ಲಿ ಗಡ್ಡ ಬರುವುದಿಲ್ಲ. ಕ್ಷೌರದ ಅಂಗಡಿಯಲ್ಲಿ ಎಲ್ಲರೂ ಕೇಳುತ್ತಾರಂತೆ.

ರಾತ್ರಿಪಾಳಿ ಸಿಸ್ಟರ್:
ಬಲಗಡೆ ಅಂದರೆ ಟ್ಯೂಬ್ ಕಟ್ಟುವ ಟೇಪಿನ ಜಾಗ ಇರಬೇಕು. ನಮ್ಮ ಕಡೆಯಿಂದ ಸಾರಿ ಅಂತ ಹೇಳಿ. ಮುಂದಿನ ಆಟಿಯಲ್ಲಿ ಗದ್ದೆಗೆ ಇಳಿಯುವಾಗ ಗಂಬೂಟ್ ಹಾಕಲಿಕ್ಕೂ ಹೇಳಿ.